ಮೊಬೈಲ್ ತಂತ್ರಾಂಶ: ಅಭಿವೃದ್ಧಿ ವಿಧಾನದ ರೂಪಾಂತರ

ತಂತ್ರಾಂಶ ರಚನೆಯಲ್ಲಿ ಕಾರ್ಯವಿಧಾನದ ಪ್ರಶ್ನೆ ಮೊದಲಿನಿಂದಲೂ ಮಹತ್ವದ್ದು. ಅಗತ್ಯಗಳ ನಿರೂಪಣೆ, ವಿನ್ಯಾಸ, ರಚನೆ, ಪರೀಕ್ಷೆ ಎಂಬ ಹಂತಗಳು ಒಂದರ ನಂತರ ಒಂದು ಸಾಗುವ ಕ್ರಮವನ್ನು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ನಿರೂಪಿಸಿ, ಅದರಲ್ಲಿರುವ ಅಪಾಯವನ್ನೂ ಸೂಚಿಸಿದ್ದರು. ಮುಂದೆ ಅದು ‘ಜಲಪಾತ ಮಾದರಿ’ ಎಂದು ಪ್ರಸಿದ್ಧವಾಯಿತು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸಭೆ ಸೇರಿದ 17 ಮಂದಿ ತಜ್ಞರು ‘ಅಜೈಲ್’ ಪ್ರಣಾಳಿಕೆಯನ್ನು ರೂಪಿಸಿ, ಅಲ್ಪಾವಧಿಯ ಆವರ್ತಗಳಿಗೂ ಗ್ರಾಹಕರೊಡನೆ ನಿರಂತರ ಸಹಕಾರಕ್ಕೂ ಪ್ರಾಶಸ್ತ್ಯ ನೀಡಿದರು. ಆದರೆ ಇವೆರಡೂ ಮೊಬೈಲನ್ನು ಉದ್ದೇಶಿಸಿ ಹುಟ್ಟಿದವಲ್ಲ.

ಈ ಕೊರತೆಯನ್ನು ನೀಗಿಸುವ ಮೊದಲ ಪ್ರಯತ್ನಗಳಲ್ಲಿ ‘ಮೊಬೈಲ್-ಡಿ’ ಗಮನಾರ್ಹವಾದುದು. ಫಿನ್ಲೆಂಡಿನ ವಿಟಿಟಿ ಸಂಶೋಧನಾ ಸಂಸ್ಥೆಯ ಪೆಕ್ಕಾ ಅಬ್ರಹಾಂಸನ್ ಮತ್ತು ಸಂಗಡಿಗರು ಇದನ್ನು 2004ರಲ್ಲಿ ಮಂಡಿಸಿದರು. ಒಂದೇ ಕೊಠಡಿಯಲ್ಲಿ ದುಡಿಯುವ, ಹತ್ತು ಮಂದಿಗೆ ಮೀರದ ಸಣ್ಣ ತಂಡ ಇದರ ಆಧಾರ. ಪರಿಶೋಧನೆ, ಸಿದ್ಧತೆ, ನಿರ್ಮಾಣ, ಸ್ಥಿರೀಕರಣ, ಅಂತಿಮ ಪರೀಕ್ಷೆ ಮತ್ತು ದೋಷನಿವಾರಣೆ ಎಂಬ ಐದು ಹಂತಗಳು ಇದರಲ್ಲಿವೆ.

2008ರಲ್ಲಿ ಆ್ಯಪಲ್ ಮತ್ತು ಗೂಗಲ್ ಸಂಸ್ಥೆಗಳ ಆ್ಯಪ್ ಮಳಿಗೆಗಳು ಆರಂಭವಾದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಜಾಲತಾಣದ ದೋಷವನ್ನು ಸರ್ವರಿನಲ್ಲಿ ತಿದ್ದಿದರೆ ಎಲ್ಲರಿಗೂ ಒಮ್ಮೆಗೇ ಪರಿಹಾರ ದೊರೆಯುತ್ತದೆ. ಬಳಕೆದಾರನ ಫೋನಿಗೆ ಇಳಿದ ಆ್ಯಪನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ತಿದ್ದಿದ ಆವೃತ್ತಿಯನ್ನು ಮಳಿಗೆ ಪರಿಶೀಲಿಸಿ ಒಪ್ಪಬೇಕು. ಬಳಿಕ ಅದು ಪ್ರತಿಯೊಂದು ಫೋನಿನಲ್ಲೂ ಸ್ಥಾಪನೆಗೊಳ್ಳಬೇಕು. ಹಳೆಯ ಆವೃತ್ತಿ ತಿಂಗಳುಗಟ್ಟಲೆ ಬಳಕೆಯಲ್ಲಿ ಉಳಿಯುವುದೂ ಉಂಟು.

ಈ ಕಾರಣದಿಂದ ತಂಡಗಳು ತಮ್ಮ ಕ್ರಮವನ್ನು ಮೂರು ಬಗೆಯಲ್ಲಿ ಮಾರ್ಪಡಿಸಿಕೊಂಡವು. ಮೊದಲನೆಯದು, ನಿಗದಿತ ದಿನದ ಬಿಡುಗಡೆ: ಸಿದ್ಧವಾಗದ ಭಾಗವು ಮುಂದಿನ ಸರದಿಗಾಗಿ ಕಾಯುತ್ತದೆಯೇ ಹೊರತು ಬಿಡುಗಡೆ ನಿಲ್ಲುವುದಿಲ್ಲ. ಎರಡನೆಯದು, ಹೊಸ ಸೌಲಭ್ಯವನ್ನು ಆ್ಯಪಿನಲ್ಲಿ ಅಡಗಿಸಿಟ್ಟು ಸರ್ವರಿನಿಂದಲೇ ತೆರೆಯುವ ಅಥವಾ ಮುಚ್ಚುವ ವ್ಯವಸ್ಥೆ. ಮೂರನೆಯದು, ಹಂತಹಂತದ ವಿತರಣೆ. ಗೂಗಲ್ 2013ರಲ್ಲಿ ಇದಕ್ಕೆ ಅವಕಾಶ ಕಲ್ಪಿಸಿತು. ಆ್ಯಪಲ್ 2017ರಲ್ಲಿ ತಂದ ಕ್ರಮದಲ್ಲಿ ಸ್ವಯಂಚಾಲಿತ ನವೀಕರಣವು ಏಳು ದಿನಗಳಲ್ಲಿ ಕ್ರಮವಾಗಿ ಶೇ. 1, 2, 5, 10, 20, 50 ಮತ್ತು 100ರಷ್ಟು ಬಳಕೆದಾರರನ್ನು ತಲುಪುತ್ತದೆ. ನಡುವೆ ದೋಷ ಕಂಡುಬಂದರೆ ವಿತರಣೆಯನ್ನು ತಡೆಹಿಡಿಯಬಹುದು.

ಪರೀಕ್ಷೆಯ ಹೊಣೆಯೂ ಹಿಗ್ಗಿದೆ. ಪರದೆಯ ಅಳತೆ, ಸ್ಮೃತಿಯ ಮಿತಿ, ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ, ಕ್ಷೀಣ ಸಂಪರ್ಕ ಇವೆಲ್ಲವೂ ಪರೀಕ್ಷೆಗೆ ಒಳಪಡಬೇಕು. ಕನ್ನಡದ ಮಟ್ಟಿಗೆ ಇದು ಲಿಪಿಯ ಪ್ರಶ್ನೆಯೂ ಹೌದು. 2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ದೊರೆಯಿತಾದರೂ, ರೋಮನ್ ಅಕ್ಷರದ ಎತ್ತರಕ್ಕೆ ಹೊಂದಿಸಿದ ಗುಂಡಿಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವ ಸಂಭವವಿದೆ. ಭಾಷಾಂತರವನ್ನು ಕೊನೆಯ ಹಂತಕ್ಕೆ ಬಿಟ್ಟ ತಂಡಕ್ಕೆ ಈ ದೋಷ ಕಾಣುವುದು ಬಿಡುಗಡೆಯ ಅನಂತರವೇ.

ಒಟ್ಟಿನಲ್ಲಿ, ವೇಗವೊಂದೇ ಈ ರೂಪಾಂತರದ ಗುರಿಯಲ್ಲ. ಹಿಂದಕ್ಕೆ ಪಡೆಯಲಾಗದ ವಸ್ತುವನ್ನು ಸಾಮಾನ್ಯ ಜನರ ಕೈಗಿಡುವಾಗ ತಪ್ಪಿನ ವ್ಯಾಪ್ತಿಯನ್ನು ಕಿರಿದಾಗಿಸುವುದೇ ಅದರ ತಿರುಳು. ಹಳೆಯ ಫೋನು, ದುರ್ಬಲ ಸಂಪರ್ಕ ಮತ್ತು ತನ್ನದೇ ಭಾಷೆಯುಳ್ಳ ಬಳಕೆದಾರನನ್ನು ಮೊದಲ ಹಂತದಲ್ಲೇ ಗಣನೆಗೆ ತೆಗೆದುಕೊಳ್ಳುವ ವಿಧಾನವೇ ಈ ಉದ್ದೇಶವನ್ನು ಸಾಧಿಸಬಲ್ಲದು.