ನಲವತ್ತು ಅಂಬಿಗರ ಕೂಲಿ

37 ಚಿನ್ನದ ನಾಣ್ಯ, ಅಚ್ಚೊತ್ತದ 3 ಬಿಲ್ಲೆ, 2 ಸಣ್ಣ ಗಟ್ಟಿ. ಇಂಗ್ಲೆಂಡಿನ ಸಫೊಕ್‌ನ ಸಟನ್ ಹೂ ಎಂಬಲ್ಲಿ 1939ರ ಬೇಸಿಗೆಯಲ್ಲಿ ದಿಬ್ಬವೊಂದನ್ನು ಅಗೆದಾಗ ಸಿಕ್ಕ ಹಣದ ಚೀಲದಲ್ಲಿ ಇದ್ದದ್ದು ಇಷ್ಟು. ದಿಬ್ಬದೊಳಗೆ ಇಡೀ ಹಡಗನ್ನೇ ಹೂತಿದ್ದರು. ಮರವೆಲ್ಲ ಮಣ್ಣಾಗಿತ್ತು, ಸಾಲುಗಟ್ಟಿದ ಕಬ್ಬಿಣದ ಮೊಳೆಗಳಿಂದಷ್ಟೇ ಹಡಗಿನ ಆಕಾರ ತಿಳಿಯುತ್ತಿತ್ತು. ಚೀಲದ ಚರ್ಮವೂ ಕರಗಿಹೋಗಿ, ಕೆಂಪು ಹರಳು ಕೂರಿಸಿದ ಅದರ ಮುಚ್ಚಳ ಉಳಿದಿತ್ತು. ನಾಣ್ಯಗಳೆಲ್ಲ ಕಡಲಾಚೆಯ ಫ್ರಾಂಕರ ನಾಡಿನವು. ಒಂದೇ ಟಂಕಸಾಲೆಯ ಎರಡು ನಾಣ್ಯ ಅದರಲ್ಲಿ ಇರಲಿಲ್ಲ.

ವ್ಯಾಪಾರದಲ್ಲಿ ಕೈಗೆ ಬಂದ ಹಣ ಹೀಗಿರುವುದಿಲ್ಲ. ಯಾರೋ ಕೂತು ಒಂದೊಂದಾಗಿ ಆರಿಸಿದ್ದರು. ಏಕೆ ಎಂಬುದಕ್ಕೆ ಮೂವತ್ತು ವರ್ಷದ ಬಳಿಕ ಒಂದು ಉತ್ತರ ಕೊಟ್ಟವರು ಫಿಲಿಪ್ ಗ್ರಿಯರ್ಸನ್.

ಗ್ರಿಯರ್ಸನ್ ನಾಣ್ಯಗಳ ಹಾದಿ ಹಿಡಿದದ್ದೇ ಆಕಸ್ಮಿಕ. 1910ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನ ಗಾನ್ವಿಲ್ ಅಂಡ್ ಕೀಸ್ ಕಾಲೇಜಿಗೆ ಓದಲು ಬಂದವರು 1935ರಲ್ಲಿ ಅಲ್ಲೇ ಫೆಲೋ ಆದರು. 2006ರಲ್ಲಿ ತೀರಿಕೊಳ್ಳುವವರೆಗೂ ಆ ಕಾಲೇಜೇ ಅವರ ಮನೆ. ಮೊದಲ ಹತ್ತು ವರ್ಷ ಫ್ಲಾಂಡರ್ಸ್‌ನ ದೊರೆಗಳು, ಮಠಗಳ ದಾಖಲೆ ಎಂದು ಓದಿಕೊಂಡಿದ್ದರು. 1944ರ ಕ್ರಿಸ್‌ಮಸ್ ರಜೆಯಲ್ಲಿ ಡಬ್ಲಿನ್‌ಗೆ ಹೋದಾಗ ತಂದೆಯ ಸಾಮಾನುಗಳ ನಡುವೆ ಗುರುತು ಹತ್ತದ ಹಳೆಯ ನಾಣ್ಯವೊಂದು ಕಣ್ಣಿಗೆ ಬಿತ್ತು. ಅದು 602ರಿಂದ 610ರವರೆಗೆ ಬೈಜಾಂಟಿಯಂ ಆಳಿದ ಫೋಕಾಸನದು. ಸೈನ್ಯದ ಕೆಳ ಅಧಿಕಾರಿಯಾಗಿದ್ದು ದಂಗೆಯೆದ್ದು ಪಟ್ಟವೇರಿದ ಈ ಸಾಮ್ರಾಟ ತನ್ನ ನಾಣ್ಯಗಳಲ್ಲಿ ಗಡ್ಡ ಬಿಟ್ಟುಕೊಂಡು ನೇರ ನಮ್ಮನ್ನೇ ನೋಡುತ್ತಾನೆ. ಪಾಠ ಮಾಡುವಾಗ ಹುಡುಗರಿಗೆ ತೋರಿಸಲು ಇನ್ನು ಕೆಲವು ಇರಲಿ ಎಂದು ಗ್ರಿಯರ್ಸನ್ ಲಂಡನ್ನಿನ ಸ್ಪಿಂಕ್ ಅಂಗಡಿಗೆ ಹೋದರು. ಕೊಳ್ಳುವುದು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಕೇಂಬ್ರಿಜ್, ಬ್ರಸೆಲ್ಸ್‌ಗಳಲ್ಲಿ ಪ್ರಾಧ್ಯಾಪಕರಾದರು, ಫಿಟ್ಸ್‌ವಿಲಿಯಂ ಮ್ಯೂಸಿಯಂನ ನಾಣ್ಯ ವಿಭಾಗದ ಗೌರವ ಪಾಲಕರಾದರು, ಅಮೆರಿಕದ ಡಂಬಾರ್ಟನ್ ಓಕ್ಸ್ ಸಂಸ್ಥೆಗೆ ಬೈಜಾಂಟಿಯಂ ನಾಣ್ಯಗಳ ಸಲಹೆಗಾರರಾದರು. ಅಲ್ಲಿನ ಸಂಗ್ರಹದ ಬಗ್ಗೆ ಅವರು ಸಿದ್ಧಪಡಿಸಿದ ಸೂಚಿಯ ಸಂಪುಟ 1968ರಲ್ಲಿ ಬಂತು. ಅದು ಶುರುವಾಗುವುದು ಫೋಕಾಸನಿಂದಲೇ.

ನನ್ನ ಮಟ್ಟಿಗೆ ಗ್ರಿಯರ್ಸನ್ನರ ದೊಡ್ಡತನ ಇರುವುದು ಈ ಹುದ್ದೆಗಳಲ್ಲಲ್ಲ, 1959ರ ಒಂದು ಪ್ರಬಂಧದಲ್ಲಿ. ಎಲ್ಲೋ ದೂರದ ನಾಣ್ಯ ಸಿಕ್ಕಿತು ಎಂದ ಕೂಡಲೇ ಅಲ್ಲಿಗೆ ವರ್ತಕರು ಬಂದಿದ್ದರು ಎಂದು ಬರೆದುಬಿಡುವ ರೂಢಿ ಇತಿಹಾಸಕಾರರಲ್ಲಿತ್ತು. ಗ್ರಿಯರ್ಸನ್ ಅದನ್ನು ಒಪ್ಪಲಿಲ್ಲ. ಲೂಟಿ, ಕಪ್ಪ, ಸೆರೆಯಾಳಿನ ಬಿಡುಗಡೆ ಹಣ, ಮದುವೆಯ ಉಡುಗೊರೆ, ರಾಜನ ಕೈಯಿಂದ ಬಂಟನಿಗೆ ಸಿಕ್ಕ ಇನಾಮು: ಆ ಕಾಲದಲ್ಲಿ ಚಿನ್ನ ಬೆಳ್ಳಿ ಹೀಗೆಲ್ಲ ಓಡಾಡುತ್ತಿತ್ತು. ನಾಣ್ಯ ಸಿಕ್ಕ ಜಾಗ ನೋಡಿದರೆ ಸಾಲದು, ಅದು ಅಲ್ಲಿಗೆ ಬಂದ ಬಗೆಯನ್ನೂ ಕೇಳಿ ಎಂಬುದು ಅವರ ವಾದ.

ಇದೇ ಪ್ರಶ್ನೆ ಹಿಡಿದು 1970ರಲ್ಲಿ ಅವರು ಸಟನ್ ಹೂ ಚೀಲದ ಬಗ್ಗೆ ಬರೆದರು. ಮೂವತ್ತೇಳಕ್ಕೆ ಮೂರು ಸೇರಿಸಿದರೆ ನಲವತ್ತು. ಹಡಗಿಗೆ ಹುಟ್ಟು ಹಾಕಲು ನಲವತ್ತು ಜನ ಬೇಕಿತ್ತೆಂಬುದು ಲೆಕ್ಕ. ನಾಣ್ಯ ಸಾಲದೆ ಬಂದಾಗ ಅದೇ ಅಳತೆಯ ಬಿಲ್ಲೆ ಮಾಡಿಸಿ ಸಂಖ್ಯೆ ತುಂಬಿಸಿದ್ದಾರೆ. ಹೆಚ್ಚು ತೂಕದ ಗಟ್ಟಿಗಳು ಚುಕ್ಕಾಣಿ ಹಿಡಿದವನಿಗೆ. ಸತ್ತ ದೊರೆಯನ್ನು ಪರಲೋಕಕ್ಕೆ ಕರೆದೊಯ್ಯುವ ಕಾಣದ ಅಂಬಿಗರಿಗೆ ಇದು ಕೂಲಿ! ವೈತರಣಿ ದಾಟಿಸಲು ಗೋದಾನ ಕೊಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಸಂಖ್ಯೆ ಕಾಕತಾಳೀಯ ಎನ್ನುವವರಿದ್ದಾರೆ. ಆ ನಾಣ್ಯಗಳ ಕಾಲದ ವಿಷಯದಲ್ಲೂ ತಕರಾರಿತ್ತು. ಏಳನೆಯ ಶತಮಾನದ ನಡುಭಾಗ ಎಂದು ಗ್ರಿಯರ್ಸನ್ ಮೊದಲು ಹೇಳಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಚಿನ್ನದ ಶುದ್ಧತೆ ಅಳೆದ ಮೇಲೆ ಅದು 620ರ ದಶಕಕ್ಕೆ ಹಿಂದೆ ಸರಿಯಿತು. ಆದರೆ ಅಂಬಿಗರ ಲೆಕ್ಕ ನಿಂತಿರುವುದು ಆ ಮೂರು ಬೋಳು ಬಿಲ್ಲೆಗಳ ಮೇಲೆ. ಹೆಸರಿಲ್ಲ, ಮುಖವಿಲ್ಲ, ಅಕ್ಷರವಿಲ್ಲ ಎಂದು ಅವನ್ನು ಯಾರಾದರೂ ಎತ್ತಿಟ್ಟಿದ್ದರೆ ಆ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಕಡೆಯದನ್ನು ನೆನೆದರೆ ಹೊಟ್ಟೆ ಉರಿಯುವುದು ಇಲ್ಲೇ. ಮಾನ್ಯಖೇಟದ ರಾಷ್ಟ್ರಕೂಟರ ಐಶ್ವರ್ಯವನ್ನು ಅರಬ್ ಬರಹಗಾರರು ಹೊಗಳಿದ್ದಾರೆ; ಅವರದೇ ಎಂದು ಖಚಿತವಾಗಿ ಹೇಳಬಹುದಾದ ನಾಣ್ಯಗಳೋ ತೀರಾ ವಿರಳ. ಗುಪ್ತರ ನಂತರ ನಾಣ್ಯ ಕಡಿಮೆಯಾಯಿತು, ವ್ಯಾಪಾರ ಕುಗ್ಗಿತು ಎಂದರು ಇತಿಹಾಸಕಾರ ಆರ್.ಎಸ್. ಶರ್ಮಾ. ಉತ್ತರ ಭಾರತದ ನಾಣ್ಯಗಳನ್ನು ಮುಂದಿಟ್ಟು ಜಾನ್ ಡೆಯೆಲ್ 1990ರಲ್ಲಿ ಅದಕ್ಕೆ ಎದುರು ವಾದ ಹೂಡಿದರು. ಇಂಥ ಜಗಳ ತೀರಬೇಕಾದರೆ ನಿಧಿಗಳು ಇಡಿಯಾಗಿ ಸಿಗಬೇಕು. 10 ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೂ ಇದೆ. ಆದರೂ ಪಾಯ ತೋಡುವಾಗ ಸಿಕ್ಕ ಕುಡಿಕೆ ಪೊಲೀಸರ ಭಯಕ್ಕೆ ರಾತ್ರೋರಾತ್ರಿ ಪಾಲಾಗುತ್ತದೆ. ಚೆಂದದ ನಾಲ್ಕು ಸಂಗ್ರಾಹಕರ ಕೈ ಸೇರಿದರೆ ಮಿಕ್ಕವು ಮೂಸೆಗೆ. ಎಷ್ಟಿದ್ದವು, ಯಾವುದರ ಜೊತೆ ಯಾವುದಿತ್ತು ಎಂದು ಬರೆದಿಟ್ಟುಕೊಳ್ಳುವವರಿಲ್ಲ. ಕರಗಿದ ಚಿನ್ನಕ್ಕೆ ಬೆಲೆ ಬರುತ್ತದೆ, ಆ ಲೆಕ್ಕ ಮಾತ್ರ ಯಾವ ಬೆಲೆಗೂ ವಾಪಸು ಬರುವುದಿಲ್ಲ.

ಗ್ರಿಯರ್ಸನ್ ತಮ್ಮ ಮಧ್ಯಯುಗದ ನಾಣ್ಯಗಳನ್ನು ಹರಾಜಿಗೆ ಬಿಡಲಿಲ್ಲ. 20,000ಕ್ಕೂ ಹೆಚ್ಚಿದ್ದ ಆ ಸಂಗ್ರಹ ಒಟ್ಟಾಗಿ ಫಿಟ್ಸ್‌ವಿಲಿಯಂಗೆ ಸೇರಿತು. ಅದನ್ನೇ ಆಧರಿಸಿ ಮಾರ್ಕ್ ಬ್ಲ್ಯಾಕ್‌ಬರ್ನ್ ಜೊತೆಗೂಡಿ 1986ರಲ್ಲಿ ‘ಮಿಡೀವಲ್ ಯುರೋಪಿಯನ್ ಕಾಯ್ನೇಜ್’ ಮಾಲೆಯ ಮೊದಲ ಸಂಪುಟ ತಂದಾಗ ಗ್ರಿಯರ್ಸನ್‌ಗೆ ಎಪ್ಪತ್ತೈದು ದಾಟಿತ್ತು. ಬ್ಲ್ಯಾಕ್‌ಬರ್ನ್ 2011ರಲ್ಲಿ ತೀರಿಕೊಂಡರು. ಸ್ಪೇನ್, ಪೋರ್ಚುಗಲ್‌ಗಳ ಸಂಪುಟ 2013ರಲ್ಲಿ, ಉತ್ತರ ಇಟಲಿಯದು 2016ರಲ್ಲಿ ಬೇರೆಯವರ ಕೈಯಿಂದ ಹೊರಬಂದವು.