ತೆಂಗಿನ ಸೀಮೆಯ ವಿದ್ಯಾರ್ಥಿಗೆ ಜಪಾನೀ ಭಾಷೆಯ ಕಲಿಕೆಯ ಸಾಧನಗಳು

ಪರಭಾಷೆಯೊಂದನ್ನು ಕಲಿಯಹೊರಟವನು ಮೊದಲು ಗುರುವನ್ನೂ ಗ್ರಂಥವನ್ನೂ ಅರಸುವುದು ಸಹಜ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಜಪಾನೀ ಭಾಷೆಯ ಕಲಿಕೆಯಲ್ಲಿ ಒದಗುವ ಮೊದಲ ಸಾಧನ ಅವನ ಕನ್ನಡವೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಕುತೂಹಲದ ವಿಷಯವಲ್ಲ. ೧೯೯೭ರಲ್ಲಿ ಟೊಯೋಟ ಕಿರ್ಲೋಸ್ಕರ್ ಸಂಸ್ಥೆ ಬಿಡದಿಗೆ ಬಂದಿತು. ೨೦೨೧ರ ಜನವರಿಯಲ್ಲಿ ನುರಿತ ಕೆಲಸಗಾರರ ವಿಷಯವಾಗಿ ಭಾರತ ಜಪಾನುಗಳ ನಡುವೆ ಒಪ್ಪಂದವಾಯಿತು. ಈ ಮಾರ್ಗದಲ್ಲಿ ಹೋಗಬಯಸುವವರು ವೃತ್ತಿಪರೀಕ್ಷೆಯೊಡನೆ ಭಾಷಾಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಇಂಗ್ಲಿಷಿನ ಮೂಲಕವೇ ಕಲಿಯಬೇಕೆಂದು ಭಾವಿಸಿ ಹಿಂಜರಿಯುವ ವಿದ್ಯಾರ್ಥಿ ತನ್ನ ಕೈಯಲ್ಲಿರುವ ಬಂಡವಾಳವನ್ನೇ ಕಾಣದೆ ಹೋಗುತ್ತಾನೆ.

ಮೊದಲು ಲಿಪಿಯನ್ನು ನೋಡೋಣ. ಹಿರಗನ, ಕತಕನ ಎಂಬ ಎರಡು ವರ್ಣಮಾಲೆಗಳಲ್ಲಿ ತಲಾ ೪೬ ಮೂಲಾಕ್ಷರಗಳಿವೆ. ಅವುಗಳ ಸ್ವರಕ್ರಮ ಅ, ಇ, ಉ, ಎ, ಒ. ವ್ಯಂಜನಕ್ರಮ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಅಧ್ಯಯನದ ಮೂಲಕ ಪಡೆದ ಭಾರತೀಯ ಅಕ್ಷರಕ್ರಮವೇ ಇದಕ್ಕೆ ಆಧಾರ. ಈಗಿನ ಹಕಾರವು ಪೂರ್ವದಲ್ಲಿ ಪಕಾರವಾಗಿದ್ದುದರಿಂದ ಅದು ಪವರ್ಗದ ಸ್ಥಾನದಲ್ಲಿಯೇ ನಿಂತಿದೆ. ಉಚ್ಚಾರಣೆಯಲ್ಲಿಯೂ ಕನ್ನಡ ಲಿಪಿ ನೆರವಾಗುತ್ತದೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ರೋಮನ್ ಬರಹದಲ್ಲಿ ಸುಲಭವಾಗಿ ಮರೆಯಾಗುವ ಹ್ರಸ್ವ-ದೀರ್ಘ ಭೇದ ಕನ್ನಡದಲ್ಲಿ ಕಣ್ಣಿಗೆ ಕಾಣುತ್ತದೆ. ಆದುದರಿಂದ ಮೊದಲ ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳುವುದು ಲೇಸು.

ವಾಕ್ಯರಚನೆಯ ಸಾಮ್ಯ ಇನ್ನೂ ಗಮನಾರ್ಹ. ‘ಕಿನೋ ಯೊಂದ ಹೊನ್’ ಎಂಬುದು ಪದಕ್ಕೆ ಪದವಾಗಿ ‘ನಿನ್ನೆ ಓದಿದ ಪುಸ್ತಕ’. ‘ತಬೆತೆ ಮಿರು’ ಎಂದರೆ ‘ತಿಂದು ನೋಡು’. ‘ಕಇತೆ ಒಕು’ ಎಂದರೆ ‘ಬರೆದಿಡು’. ‘ಎಂದು’ ಎಂಬ ನಮ್ಮ ಅವ್ಯಯದ ಕೆಲಸವನ್ನು ಅಲ್ಲಿ ‘ತೊ’ ಮಾಡುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಓದಿ ಕೃದಂತಗಳನ್ನು ಅರಿತವನಿಗೆ ಈ ರೂಪಗಳು ಅಪರಿಚಿತವೆನಿಸವು. ಇಷ್ಟರಿಂದ ಎರಡು ಭಾಷೆಗಳಿಗೂ ರಕ್ತಸಂಬಂಧವುಂಟೆಂದು ಹೇಳಲಾಗದು. ತಮಿಳಿಗೂ ಜಪಾನಿಗೂ ಸಂಬಂಧ ಕಲ್ಪಿಸಿದ ಓನೊ ಸುಸುಮು ಅವರ ವಾದವನ್ನು ಬಹುಮಂದಿ ಭಾಷಾವಿಜ್ಞಾನಿಗಳು ಒಪ್ಪಿಲ್ಲ.

ಸಾಮ್ಯವೇ ದಾರಿ ತಪ್ಪಿಸುವ ಸ್ಥಳಗಳೂ ಉಂಟು. ನಾವು ಪರರೊಡನೆ ಮಾತನಾಡುವಾಗ ‘ನಮ್ಮ ತಂದೆಯವರು ಹೇಳಿದರು’ ಎಂದು ಗೌರವದಿಂದ ಹೇಳುತ್ತೇವೆ. ಜಪಾನೀಯರಲ್ಲಿ ಇದು ಸಲ್ಲದು. ಹೊರಗಿನವರ ಮುಂದೆ ಸ್ವಂತ ತಂದೆ ಬರಿಯ ‘ಚಿಚಿ’. ಎದುರಿನವರ ತಂದೆ ‘ಒತೋಸನ್’. ಮನೆಯೊಳಗಿನವರು, ಹೊರಗಿನವರು ಎಂಬ ಈ ವಿಭಾಗವನ್ನು ಗ್ರಹಿಸದವನು ವ್ಯಾಕರಣದಲ್ಲಿ ತಪ್ಪದಿದ್ದರೂ ನಡವಳಿಕೆಯಲ್ಲಿ ತಪ್ಪುತ್ತಾನೆ. ಆದುದರಿಂದ ಭಾಷೆಯೊಡನೆ ಜನಜೀವನವನ್ನೂ ಕಲಿಯಬೇಕಾಗುತ್ತದೆ.

ಇದಕ್ಕೆ ತಕ್ಕ ಸಾಮಗ್ರಿಗಾಗಿ ಹಣ ಸುರಿಯಬೇಕಾದುದಿಲ್ಲ. ಜಪಾನ್ ಫೌಂಡೇಷನ್ ಸಂಸ್ಥೆಯ ‘ಇರೊದೊರಿ’ ಪಾಠಮಾಲೆ ಅಂಗಡಿ, ಊಟ, ಆರೋಗ್ಯ, ಉದ್ಯೋಗ ಮೊದಲಾದ ಸಂದರ್ಭಗಳ ಮಾತನ್ನು ಧ್ವನಿಸಹಿತ ಉಚಿತವಾಗಿ ಒದಗಿಸುತ್ತದೆ. ಅದೇ ಸಂಸ್ಥೆಯ ‘ಎರಿನ್’ ಪಾಠಗಳ ದೃಶ್ಯಗಳಲ್ಲಿ ಶಾಲಾಜೀವನವನ್ನು ಕಾಣಬಹುದು. ಜಪಾನಿನ ಪ್ರಸಾರಸಂಸ್ಥೆ ಎನ್‌ಎಚ್‌ಕೆ ಸಿದ್ಧಪಡಿಸಿದ ಸುಲಭ ಪಾಠಗಳು ಹಿಂದಿ, ಬಂಗಾಳಿಗಳಲ್ಲಿವೆ, ಕನ್ನಡದಲ್ಲಿಲ್ಲ. ೧೯೮೪ರಲ್ಲಿ ಆರಂಭವಾಗಿ ೨೦೧೦ರಿಂದ ಐದು ಹಂತಗಳಲ್ಲಿ ನಡೆಯುತ್ತಿರುವ ಜಪಾನೀ ಭಾಷಾಪ್ರಾವೀಣ್ಯ ಪರೀಕ್ಷೆಗೆ ಬೆಂಗಳೂರು ಒಂದು ಕೇಂದ್ರ. ಅದು ಓದುವ, ಕೇಳುವ ಶಕ್ತಿಯನ್ನು ಅಳೆಯುತ್ತದೆಯೇ ಹೊರತು ಮಾತನಾಡುವ ಶಕ್ತಿಯನ್ನಲ್ಲ. ಬರಿಯ ಪ್ರಮಾಣಪತ್ರವನ್ನು ನಂಬಿ ಹೋದವನು ಅಲ್ಲಿಯ ಅಂಗಡಿಯಲ್ಲಿ ಮೂಕನಾಗಬಹುದು. ಆದುದರಿಂದ ಗಟ್ಟಿಯಾಗಿ ಓದಿ ಮಾತನಾಡುವ ಅಭ್ಯಾಸವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಪರಿಚಿತ ವಸ್ತುವಿನಿಂದ ಅಪರಿಚಿತ ಜೀವನಕ್ಕೆ ಸಾಗುವುದು ಕಲಿಕೆಯ ಸುಗಮ ಮಾರ್ಗ. ತೆಂಗಿನಕಾಯಿಗೆ ಜಪಾನೀ ಭಾಷೆಯಲ್ಲಿ ‘ಯಶಿ ನೊ ಮಿ’ ಎಂದು ಹೆಸರು. ಅಲ್ಲಿಯ ಅಡುಗೆಮನೆಗಳಲ್ಲಿ ೧೯೦೭ರಿಂದ ಬಳಕೆಗೆ ಬಂದ ‘ಕಮೆನೊಕೊ ತವಶಿ’ ಎಂಬ ಪಾತ್ರೆ ಉಜ್ಜುವ ಸಾಧನ ತೆಂಗಿನ ನಾರಿನದು. ೧೮೯೮ರಲ್ಲಿ ಇರಾಗೊ ಕಡಲತೀರಕ್ಕೆ ತೇಲಿಬಂದ ತೆಂಗಿನಕಾಯಿಯನ್ನು ಯನಗಿತ ಕುನಿಯೊ ಕಂಡರು. ಅವರಿಂದ ಅದನ್ನು ಕೇಳಿದ ಶಿಮಜಾಕಿ ತೋಸೊನ್ ಬರೆದ ಕವಿತೆ ೧೯೩೬ರಲ್ಲಿ ಹಾಡಾಗಿ ಮನೆಮಾತಾಯಿತು. ಕೊಬ್ಬರಿಯ ನಾಡಿನ ವಿದ್ಯಾರ್ಥಿ ಓದಬಹುದಾದ ಮೊದಲ ಜಪಾನೀ ಕವಿತೆ ಇದಾದರೆ ತಪ್ಪೇನೂ ಇಲ್ಲ.

ಇರುವ ಸಾಮಗ್ರಿಯಲ್ಲಿ ಬಹುಪಾಲು ಇಂಗ್ಲಿಷನ್ನು ಊರುಗೋಲಾಗಿಸಿಕೊಂಡಿದೆ. ಕನ್ನಡದ ವಾಕ್ಯವನ್ನೂ ಜಪಾನಿನ ವಾಕ್ಯವನ್ನೂ ಎದುರುಬದುರಾಗಿಟ್ಟು ಬರೆದ ಚಿಕ್ಕ ಕೈಪಿಡಿಯೊಂದನ್ನು ಕಾಲೇಜುಗಳ ಭಾಷಾವಿಭಾಗಗಳು ಸಿದ್ಧಪಡಿಸಿದರೆ, ಬೆಂಗಳೂರಿಗೆ ಹೋಗಲಾರದ ವಿದ್ಯಾರ್ಥಿಗಳಿಗೆ ಮಹದುಪಕಾರವಾಗುವುದೆಂದು ನಾವು ಭಾವಿಸುತ್ತೇವೆ.