ಬರೆ: ಕಾದ ಕಬ್ಬಿಣದಿಂದ ಕರೆಂಟಿನವರೆಗೆ

1537. ಇಟಲಿಯ ಟ್ಯೂರಿನ್ ಬಳಿ ಫ್ರೆಂಚ್ ಸೇನೆಯ ಶಿಬಿರ. ಕೋವಿಮದ್ದು ವಿಷ, ಅದು ಹೊಕ್ಕ ಗಾಯವನ್ನು ಸುಡಲೇಬೇಕು ಎಂಬುದು ಅಂದಿನ ವೈದ್ಯರ ನಂಬಿಕೆ. ಅದಕ್ಕಾಗಿ ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಆಂಬ್ರೋಸ್ ಪಾರೆ ಎಂಬ ತರುಣ ಶಸ್ತ್ರವೈದ್ಯನ ಬಳಿ ಎಣ್ಣೆ ಮುಗಿದುಹೋಯಿತು. ಬೇರೆ ದಾರಿ ಕಾಣದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಸುಡದೆ ಬಿಟ್ಟವರು ವಿಷವೇರಿ ಸಾಯುತ್ತಾರೆಂಬ ಅಂಜಿಕೆಯಲ್ಲಿ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಅವರು ಬಹುಮಟ್ಟಿಗೆ ಹಾಯಾಗಿದ್ದರು. ಎಣ್ಣೆ ಸುರಿಸಿಕೊಂಡವರೇ ಜ್ವರ, ಊತ, ನೋವಿನಿಂದ ನರಳುತ್ತಿದ್ದರು. 1545ರಲ್ಲಿ ಅವನು ಇದನ್ನೆಲ್ಲ ಪುಸ್ತಕ ಮಾಡಿದ, ಅದೂ ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಜನರ ಫ್ರೆಂಚಿನಲ್ಲಿ.

ಹಾಗೆಂದು ಸುಡುವ ಚಿಕಿತ್ಸೆಯೇ ಅವಿವೇಕವೆನ್ನಲಾಗದು. ಬಿಸಿ ತಗುಲಿದ ರಕ್ತನಾಳದ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ, ರಕ್ತ ನಿಲ್ಲುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ‘ಅಗ್ನಿಕರ್ಮ’ಕ್ಕೆ ಒಂದು ಅಧ್ಯಾಯವೇ ಇದೆ. ಸುಟ್ಟ ಮೇಲೆ ಜೇನು, ತುಪ್ಪ ಸವರಬೇಕೆಂಬ ವಿವರವೂ ಅಲ್ಲುಂಟು. ಯಾರನ್ನು ಸುಡಬಾರದು ಎಂಬ ಪಟ್ಟಿಯೂ ಉಂಟು: ದುರ್ಬಲರು, ಮುದುಕರು, ಅಂಜುಬುರುಕರು ಮತ್ತು ಮಕ್ಕಳು.

ಆದರೆ ಕಾಮಾಲೆಯೆಂದು ಹಸುಗೂಸಿನ ಹೊಟ್ಟೆಗೆ ಬರೆ ಹಾಕುವವರು ಈ ಪಟ್ಟಿಯನ್ನು ನೋಡಿದವರಲ್ಲ. ನವಜಾತ ಶಿಶುಗಳ ಕಾಮಾಲೆ ಬಹುಪಾಲು ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಬರೆಗೆ! ಇಳಿಯದೆ ಏರತೊಡಗಿದರೆ ಮಿದುಳಿಗೇ ಅಪಾಯ. ಆಗ ಬೇಕಾದದ್ದು ರಕ್ತಪರೀಕ್ಷೆ ಮತ್ತು ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆ. ಬರೆಯಿಂದ ಹಳದಿ ಒಂದಿಷ್ಟೂ ತಗ್ಗದು. ಸುಟ್ಟ ಗಾಯ ಕೀವಾಗಿ ನಂಜು ರಕ್ತಕ್ಕಿಳಿದರೆ ಎಳೆಯ ಜೀವ ತಡೆಯುವುದಿಲ್ಲ, ಆಸ್ಪತ್ರೆಗೆ ಹೋಗಬೇಕಾದ ಹೊತ್ತೂ ಕಳೆದಿರುತ್ತದೆ.

ಇಂದು ಆಪರೇಷನ್ ಥಿಯೇಟರಿನಲ್ಲಿ ಸುಡುವ ಕೆಲಸ ವಿದ್ಯುತ್ತಿನದು. ಇದಕ್ಕೊಂದು ಯಂತ್ರ ರೂಪಿಸಿದವನು ಅಮೆರಿಕದ ವಿಲಿಯಂ ಬೋವಿ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್ ಅದನ್ನು ಹಿಡಿದು, ರಕ್ತಸ್ರಾವಕ್ಕೆ ಹೆದರಿ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ತಲೆಯ ಗೆಡ್ಡೆಯೊಂದನ್ನು ತೆಗೆದ.

ಶಾಕ್ ಹೊಡೆಯದೇ? ಮನೆಯ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50, ಇದರದು ಲಕ್ಷಗಟ್ಟಲೆ. ಅಷ್ಟು ವೇಗಕ್ಕೆ ನರ, ಸ್ನಾಯುಗಳು ಓಗೊಡುವುದಿಲ್ಲ. ಕಡ್ಡಿಯ ಚೂಪು ತುದಿಯಲ್ಲಿ ಒತ್ತಟ್ಟಿಗಿರುವ ವಿದ್ಯುತ್ತು ಅಂಗಾಂಶವನ್ನು ಸುಡುತ್ತದೆ. ಅದೇ ವಿದ್ಯುತ್ತು ತೊಡೆಗೆ ಅಂಟಿಸಿದ ಅಗಲವಾದ ಪಟ್ಟಿಯ ಮೂಲಕ ಹರಡಿ ಹೊರಗೆ ಹೋಗುವಾಗ ಚರ್ಮ ಬಿಸಿಯಾಗುವುದೂ ಅಪರೂಪ.